ಕಾರು ಕೊಟ್ಟಾಯಿತು, ಕಂತು ನಿಂತಿತು: ಮಾರಿದವರಿಗೆ ಕಾನೂನಿನಲ್ಲಿ ಏನು ದಾರಿ?

ಕುಂಬಳೆಯ ಒಬ್ಬರು ಪರಿಚಯದ ಮಂಗಳೂರಿನವರಿಗೆ 3 ಲಕ್ಷ ರೂಪಾಯಿಗೆ ಕಾರು ಮಾರುತ್ತಾರೆ ಎಂದಿಟ್ಟುಕೊಳ್ಳಿ. 1 ಲಕ್ಷ ಕೈಗೆ, ಉಳಿದದ್ದು ತಿಂಗಳಿಗೆ 10 ಸಾವಿರ. ನಾಲ್ಕು ಕಂತು ಬರುತ್ತದೆ, ಆಮೇಲೆ ಫೋನೇ ಎತ್ತೋದಿಲ್ಲ. ಆರ್‌ಸಿ ಇನ್ನೂ ಮಾರಿದವರ ಹೆಸರಲ್ಲೇ ಇದೆ. ಈಗೇನು?

ಮೊದಲು ಮಾಡಬಾರದ್ದು: ಸ್ಪೇರ್ ಕೀ ಹಿಡಿದು ರಾತ್ರಿ ಹೋಗಿ ಕಾರು ತರುವುದು. ಆರ್‌ಸಿಯಲ್ಲಿ ಹೆಸರಿದ್ದರೂ ವ್ಯಾಪಾರ ಮುಗಿದು ಗಾಡಿ ಕೊಟ್ಟಾಗಿದೆ. ಬಾಕಿ ಇರುವುದು ಹಣ. ಕಾರು ಎತ್ತಿಕೊಂಡು ಬಂದರೆ ಕಳ್ಳತನದ ದೂರು ಇವರ ಮೇಲೆಯೇ ಬೀಳಬಹುದು.

ಲೀಗಲ್ ನೋಟಿಸ್: ವಕೀಲರ ಮೂಲಕ ಅಂಚೆಯಲ್ಲಿ ಬಾಕಿ ಮೊತ್ತ, ಗಡುವು ತಿಳಿಸಬೇಕು. ಎಷ್ಟೋ ಪ್ರಕರಣ ಇಲ್ಲೇ ಮುಗಿಯುತ್ತದೆ.

ಚೆಕ್ ಬೌನ್ಸ್ ಆಗಿದ್ದರೆ: ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ಅದು ತಲುಪಿ 15 ದಿನದಲ್ಲಿ ಹಣ ಬಾರದಿದ್ದರೆ, ನಂತರದ ಒಂದು ತಿಂಗಳೊಳಗೆ ಸೆಕ್ಷನ್ 138ರಡಿ ದೂರು. ಶಿಕ್ಷೆ 2 ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಚೆಕ್ ಹಾಕಿದವರ ಖಾತೆ ಕಾಸರಗೋಡಿನ ಬ್ರಾಂಚಿನಲ್ಲಿದ್ದರೆ ಕೇಸು ಅಲ್ಲಿಯ ಕೋರ್ಟಿನಲ್ಲೇ. ಮಂಗಳೂರಿಗೆ ಅಲೆಯಬೇಕಿಲ್ಲ.

ಸಿವಿಲ್ ದಾವೆ: ಕಂತು ಕೊಡಬೇಕಿದ್ದ ದಿನದಿಂದ 3 ವರ್ಷದೊಳಗೆ ಹಾಕಬೇಕು. ಬರೆದ ಕರಾರಿದ್ದರೆ ಸಮ್ಮರಿ ಸೂಟ್ ಸಾಧ್ಯ. ಅದರಲ್ಲಿ ಎದುರಾಳಿ ವಾದ ಮಾಡಲು ಕೋರ್ಟಿನ ಅನುಮತಿ ಬೇಕು. ಕರಾರಿಲ್ಲದಿದ್ದರೂ ವಾಟ್ಸಾಪ್ ಮೆಸೇಜ್, ಯುಪಿಐ ದಾಖಲೆ ಸಾಕ್ಷಿಯಾಗುತ್ತವೆ. ಅಳಿಸಬೇಡಿ.

ಪೊಲೀಸ್ ದೂರು: ಬರೀ ಹಣ ಕೊಡದಿದ್ದರೆ ವಂಚನೆ ಆಗೋದಿಲ್ಲ. ಕೊಳ್ಳುವಾಗಲೇ ಮೋಸದ ಉದ್ದೇಶವಿತ್ತು ಎಂದು ತೋರಿಸಬೇಕು, ಉದಾಹರಣೆಗೆ ಸುಳ್ಳು ಹೆಸರು, ಸುಳ್ಳು ವಿಳಾಸ. ಆಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318 ಅನ್ವಯ.

ರಾಜಿ: ಜಮಾಅತ್‌ನ ಹಿರಿಯರ ಮುಂದೆ ಮಾತಾಡುವುದು ಒಳ್ಳೆಯದೇ. ಆದರೆ ಮಾತು ಎಳೆದಷ್ಟೂ 3 ವರ್ಷದ ಅವಧಿ ಓಡುತ್ತಲೇ ಇರುತ್ತದೆ. ಅವಧಿ ಮುಗಿಯುವ ಮುಂಚೆ ಬಾಕಿ ಒಪ್ಪಿ ಸಹಿ ಹಾಕಿಸಿಕೊಂಡರೆ ಲೆಕ್ಕ ಹೊಸದಾಗಿ ಶುರು. ಲೋಕ ಅದಾಲತ್‌ನಲ್ಲಿ ಶುಲ್ಕವಿಲ್ಲ, ಅಲ್ಲಿಯ ಒಪ್ಪಂದಕ್ಕೆ ಕೋರ್ಟ್ ಡಿಕ್ರಿಯ ಬಲವಿದೆ.

"ಹಣ ಪೂರ್ತಿ ಬರಲಿ, ಆಮೇಲೆ ಆರ್‌ಸಿ" ಎಂಬುದು ನಮ್ಮಲ್ಲಿ ರೂಢಿ. ಅಪಾಯವಿರುವುದು ಅಲ್ಲೇ. ಆ ಕಾರು ಯಾರಿಗಾದರೂ ಗುದ್ದಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಇನ್ಶೂರೆನ್ಸ್ ಮುಗಿದಿದ್ದರೆ ಮನೆಯೇ ಹೋದೀತು. ಮಾರಾಟವನ್ನು ಆರ್‌ಟಿಒಗೆ ತಿಳಿಸಲು ಅದೇ ರಾಜ್ಯದೊಳಗೆ 14 ದಿನ, ಹೊರರಾಜ್ಯಕ್ಕಾದರೆ 45 ದಿನ. ಕೆಎಲ್ 14 ಗಾಡಿ ಮಂಗಳೂರಿಗೆ ಹೋಗುವುದಾದರೆ ಎನ್‌ಒಸಿಯೂ ಬೇಕು.

ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಡಿ ಎಂಬುದು ಸೂರತುಲ್ ಬಖರದ 282ನೇ ಆಯತ್‌ನ ಆದೇಶ. ಸ್ನೇಹಿತರಾದರೂ ಸರಿ, ಸಂಬಂಧಿಕರಾದರೂ ಸರಿ, ಕೀ ಕೊಡುವ ಮೊದಲು ಕಂತಿನ ತಾರೀಕು ಬರೆದು ಸಹಿ ಹಾಕಿಸಿ.