ಕೂಸಿನ ಅನ್ನನಾಳ ಮುಚ್ಚಿರುವುದು ಗ್ರಹಣದ ದೋಷವೇ?

ಅಲ್ಲ. ‘ಏಳನೇ ತಿಂಗಳಲ್ಲಿ ಗ್ರಹಣ ನೋಡಿದ್ದಕ್ಕೆ ಹೀಗಾಯಿತು’ ಎಂದು ಬಾಣಂತಿಯನ್ನು ದೂರುವುದು ತಪ್ಪು. ಈ ದೋಷ ಗರ್ಭ ನಿಂತ ನಾಲ್ಕನೇ ವಾರದ ಹೊತ್ತಿಗೇ ಶುರುವಾಗುತ್ತದೆ; ಎಷ್ಟೋ ಮಂದಿಗೆ ತಾವು ಬಸಿರೆಂದೇ ಆಗ ಗೊತ್ತಿರುವುದಿಲ್ಲ!

ಆಗ ಭ್ರೂಣದಲ್ಲಿ ಇರುವುದು ಒಂದೇ ಕೊಳವೆ. ಅದರ ಮುಂಭಾಗ ಶ್ವಾಸನಾಳವಾಗಿ, ಹಿಂಭಾಗ ಅನ್ನನಾಳವಾಗಿ ಬೇರೆಯಾಗಬೇಕು. ಈ ವಿಂಗಡಣೆ ಕೆಟ್ಟರೆ, ಹೆಚ್ಚಿನ ಪ್ರಕರಣಗಳಲ್ಲಿ ಅನ್ನನಾಳದ ಮೇಲ್ತುದಿ ಚೀಲದಂತೆ ಮುಚ್ಚಿಹೋಗಿ, ಕೆಳತುದಿ ಶ್ವಾಸನಾಳಕ್ಕೆ ಕೂಡಿಕೊಂಡಿರುತ್ತದೆ. ಸುಮಾರು 3,500 ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ.

ಹೆರಿಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲೇ ಆಗಲಿ, ಗಮನಿಸಿ: ಒರೆಸಿದಷ್ಟೂ ಬಾಯಲ್ಲಿ ನೊರೆ ಬರುತ್ತಿದ್ದರೆ, ಹಾಲು ಕುಡಿಸಿದೊಡನೆ ಕೆಮ್ಮಿ ಮೈ ನೀಲಿಗಟ್ಟಿದರೆ, ಮತ್ತೆ ಏನನ್ನೂ ಕುಡಿಸಬೇಡಿ. ಜೇನು, ಸಕ್ಕರೆ ನೀರೂ ಬೇಡ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಲೆ ತುಸು ಎತ್ತರಿಸಿ, ಬೆಚ್ಚಗಿಟ್ಟು, 108ಕ್ಕೆ ಕರೆ ಮಾಡಿ ಕಲಬುರಗಿಗೆ ಒಯ್ಯಿರಿ.

ವೈದ್ಯರು ಬಾಯಿಂದ ಸಣ್ಣ ಟ್ಯೂಬ್ ಇಳಿಸಿ ನೋಡುತ್ತಾರೆ. ಅದು ಸುಮಾರು 10 ಸೆಂ.ಮೀ.ಗೇ ನಿಂತರೆ ಎಕ್ಸ್-ರೇ ತೆಗೆಸುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ಶ್ವಾಸನಾಳದ ಕೊಂಡಿ ಬಿಡಿಸಿ, ಅನ್ನನಾಳದ ಎರಡು ತುದಿಗಳನ್ನು ಜೋಡಿಸುತ್ತಾರೆ. ಬೇರೆ ದೊಡ್ಡ ತೊಂದರೆಯಿಲ್ಲದ, ಬೇಗ ಬಂದ ಹೆಚ್ಚಿನ ಮಕ್ಕಳು ಬದುಕುತ್ತವೆ.