ಬರೆದ ಕಥೆ, ಬಿಟ್ಟ ಜಾಗ

ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ನಡುಮನೆಯಲ್ಲಿ ಐವರು ತರುಣರು ಚಾಪೆ ಹಾಸಿ, ಹಲವು ಮುಖದ ದಾಳಗಳನ್ನು ಹರಡಿಕೊಂಡು ಕುಳಿತಿದ್ದರು. ನನ್ನ ಅಕ್ಕನ ಮಗ ಆಟದ ನಿರ್ವಾಹಕ. ಉಳಿದವರು ಒಬ್ಬೊಬ್ಬ ಸಾಹಸಿಯ ಪಾತ್ರ ವಹಿಸಿ, ತಾವೇನು ಮಾಡುವೆವೆಂದು ಹೇಳಬೇಕು. ಫಲವೇನಾಯಿತೆಂದು ನಿರ್ವಾಹಕ ಹೇಳಬೇಕು. ಸಂದೇಹ ಬಂದಲ್ಲಿ ದಾಳವೇ ತೀರ್ಪು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಈ ಆಟದ ಹೆಸರನ್ನು ವಾಚಕರಲ್ಲಿ ಕೆಲವರಾದರೂ ತಮ್ಮ ಮನೆಯ ಮಕ್ಕಳ ಬಾಯಲ್ಲಿ ಕೇಳಿರಬಹುದು.

ಅಂದು ಗುಹೆಗಳಲ್ಲಿ ನೆಲಸಿದ ರಾಕ್ಷಸಕುಲಗಳನ್ನು ಅವರು ಎದುರಿಸಬೇಕಾಗಿತ್ತು. ಹೊಸದಾಗಿ ಬಂದ ಹುಡುಗಿಯೊಬ್ಬಳು ಮೆಲ್ಲಗೆ, "ಇವರ ಜೊತೆ ಹೊಡೆದಾಡೋದು ಯಾಕೆ? ಒಂದು ಕುಲವನ್ನ ಇನ್ನೊಂದರ ಮೇಲೆ ಎತ್ತಿಕಟ್ಟಬಾರದಾ?" ಎಂದಳು. "ಪುಸ್ತಕದಲ್ಲಿ ಹಾಗಿಲ್ಲ" ಎಂದ ನಮ್ಮ ಹುಡುಗ. ಅವಳು ಸುಮ್ಮನಾದಳು. ಆಮೇಲೆ ಅವಳು ದಾಳ ಎಸೆದದ್ದೆಲ್ಲ ಬರಿಯ ಮರ್ಯಾದೆಗೆ.

ಮೇಷ್ಟರ ಚಪಲ ನೋಡಿ. ರಾತ್ರಿ ಆ ಪುಸ್ತಿಕೆಯನ್ನು ನಾನೇ ಓದಿದೆ. ಅದರ ಹಿಂದಿನ ಚರಿತ್ರೆಯನ್ನೂ ಹುಡುಕಿದೆ.

ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ರಚಿಸಿದ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಮೊದಲ ಮುದ್ರಣ 1000 ಪ್ರತಿ. ಪೆಟ್ಟಿಗೆಯಲ್ಲಿದ್ದ ಮೂರು ಕಿರುಪುಸ್ತಕಗಳಲ್ಲಿ ನಿಯಮಗಳಿದ್ದವು. ಆಡಲು ಸಿದ್ಧವಾದ ಕಥೆ ಮಾತ್ರ ಇರಲಿಲ್ಲ. ನಿರ್ವಾಹಕನಾದವನು ತನ್ನ ನೆಲಮಾಳಿಗೆಯನ್ನು ತಾನೇ ಚೌಕದ ಕಾಗದದ ಮೇಲೆ ಬರೆದುಕೊಳ್ಳುತ್ತಾನೆಂಬುದು ಕರ್ತೃಗಳ ಎಣಿಕೆ. ಮರುವರ್ಷ ಆರ್ನೆಸನ್ನನ 'ಕಪ್ಪೆಯ ದೇವಾಲಯ'ದ ಸಾಹಸ ಒಂದು ಪುರವಣಿ ಪುಸ್ತಕದಲ್ಲಿ ಅಚ್ಚಾಯಿತು.

ಅದೇ 1975ರಲ್ಲಿ ಬಾಲ್ಟಿಮೋರ್ ನಗರದ 'ಆರಿಜಿನ್ಸ್' ಮೇಳದಲ್ಲಿ ಗೈಗ್ಯಾಕ್ಸನ 'ಭೀಕರ ಸಮಾಧಿ' ಸ್ಪರ್ಧೆಯ ಆಟವಾಯಿತು. ಸ್ಪರ್ಧೆಯೆಂದ ಮೇಲೆ ಎಲ್ಲ ತಂಡಗಳಿಗೂ ಒಂದೇ ಬಲೆ, ಒಂದೇ ಬಾಗಿಲು ಇರಬೇಕಷ್ಟೆ. ಪರೀಕ್ಷೆಗೆ ಒಂದೇ ಪ್ರಶ್ನಪತ್ರಿಕೆ ಇದ್ದ ಹಾಗೆ. ಬರೆದಿಟ್ಟ ಕಥೆಗೆ ಬಿಗಿ ಬಂದದ್ದು ಬಹುಮಟ್ಟಿಗೆ ಇಂಥ ಸ್ಪರ್ಧೆಗಳಿಂದ. ಆ ಸಮಾಧಿಯೂ ದೈತ್ಯರನ್ನು ಕುರಿತ ಮೂರು ಸಾಹಸಗಳೂ 1978ರಲ್ಲಿ ಅಂಗಡಿಗೆ ಬಂದವು.

ಆದರೆ ಹೊಸಬರಿಗೆಂದು ಬರೆದ ಪುಸ್ತಿಕೆಗಳ ದಾರಿ ಬೇರೆ. ಮೈಕ್ ಕಾರ್ ಬರೆದ 'ಅಜ್ಞಾತದ ಅನ್ವೇಷಣೆ'ಯಲ್ಲಿ ಕೋಣೆಗಳ ವರ್ಣನೆಯುಂಟು; ಆದರೆ ಯಾವ ಕೋಣೆಯಲ್ಲಿ ಯಾವ ಪ್ರಾಣಿ, ಯಾವ ನಿಧಿ ಎಂಬಲ್ಲಿ ಖಾಲಿ ಜಾಗ! ಕೊನೆಯ ಪಟ್ಟಿಯಿಂದ ಆರಿಸಿ ನಿರ್ವಾಹಕನೇ ತುಂಬಬೇಕು. ಅದರ ಬೆನ್ನಿಗೆ ಬಂದ, ನಮ್ಮ ಹುಡುಗನ ಕೈಯಲ್ಲಿದ್ದ, ಗೈಗ್ಯಾಕ್ಸನ 'ಗಡಿನಾಡ ಕೋಟೆ'ಯಲ್ಲಿ ಒಂದು ಗುಹೆಯನ್ನು ಪೂರ್ತಿಯಾಗಿ ನಿರ್ವಾಹಕನಿಗೇ ಬಿಟ್ಟಿದೆ. ತಾಳಮದ್ದಳೆ ಕೇಳಿದವರಿಗೆ ಇದು ವಿಚಿತ್ರವೆನಿಸದು. ಪ್ರಸಂಗದ ಪದ್ಯ ಮೊದಲೇ ಬರೆದದ್ದು, ಅರ್ಥ ಮಾತ್ರ ಆ ರಾತ್ರಿಯದು.

ಮುಂದೆ 1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿಗಳ 'ರೇವನ್‌ಲಾಫ್ಟ್' ಬಂತು. ಅದರಲ್ಲಿ ಎಲೆಗಳನ್ನು ತೆಗೆದು ಶಕುನ ನೋಡುತ್ತಾರೆ. ಮುಖ್ಯ ವಸ್ತುಗಳು ಕೋಟೆಯಲ್ಲಿ ಎಲ್ಲಿ ಅಡಗಿವೆಯೆಂಬುದು ಆ ಎಲೆಗಳಿಂದ ಗೊತ್ತಾಗುತ್ತದೆ. ಹೀಗಾಗಿ ಒಂದೇ ಪುಸ್ತಕ ಎರಡು ಸಲ ಒಂದೇ ಕಥೆಯಾಗದು. ಮರುವರ್ಷವೇ ಮೊದಲಾದ 'ಡ್ರ್ಯಾಗನ್‌ಲ್ಯಾನ್ಸ್' ಮಾಲೆ ಇದಕ್ಕೆ ಪ್ರತಿಯಾಗಿ ದೊಡ್ಡದೊಂದು ಕಾದಂಬರಿಯ ದಾರಿಯಲ್ಲೇ ಆಟಗಾರರನ್ನು ನಡೆಸಿತು. ಮುಖ್ಯ ಪಾತ್ರಗಳು ಮುಂದಿನ ಭಾಗಕ್ಕೆ ಬೇಕೆಂದು, ಸತ್ತರೂ ಶವ ಕಾಣದಂತೆ ಮಾಡಿ ಮರಳಿ ತರಲು ಅನುಕೂಲವಾಗುವ ನಿಯಮವನ್ನೂ ಮಾಡಿತು. ಭವ್ಯವೇನೋ ಹೌದು. ಆದರೆ ಹಳಿ ಬಿಟ್ಟು ಇಳಿಯಲಾರದ ಪ್ರಯಾಣಿಕರಾದೆವೆಂದು ಆಟಗಾರರು ಗೊಣಗಿದ್ದೂ ಸುಳ್ಳಲ್ಲ.

ಇರಲಿ. ಆ ರಾತ್ರಿ 'ಗಡಿನಾಡ ಕೋಟೆ'ಯನ್ನು ಓದುತ್ತಿದ್ದಾಗ ಒಂದು ಕಡೆ ನನ್ನ ಕಣ್ಣು ನಿಂತಿತು. ಗುಹೆಯ ಕುಲಗಳಲ್ಲಿ ಪರಸ್ಪರ ಒಪ್ಪಂದವೂ ವೈರವೂ ಉಂಟು. ಆಟಗಾರರು ಜಾಣರಾದರೆ ಅವರನ್ನು ತಮ್ಮತಮ್ಮಲ್ಲೇ ಕಾದಾಡಿಸಬಹುದು ಎಂಬ ಅರ್ಥದ ಮಾತು ಅಲ್ಲಿ ಸ್ಪಷ್ಟವಾಗಿತ್ತು! ಗಾಬ್ಲಿನ್ ಕುಲದವರು ಆಪತ್ತಿನಲ್ಲಿ 250 ಚಿನ್ನದ ನಾಣ್ಯಗಳ ಚೀಲ ಎಸೆದು ನೆರೆಯ ದೈತ್ಯನನ್ನು ನೆರವಿಗೆ ಕರೆಯುತ್ತಾರೆಂದೂ ಬರೆದಿತ್ತು. ಹುಡುಗಿ ಕೇಳಿದ್ದು ಪುಸ್ತಕದಲ್ಲೇ ಇತ್ತು. ಇಲ್ಲದಿದ್ದುದು ನಮ್ಮ ಹುಡುಗನ ಧೈರ್ಯ.

ಬೆಳಗ್ಗೆ ಆ ಪುಟವನ್ನು ಅವನ ಮುಂದಿಟ್ಟೆ. ಓದಿ ಕೆಂಪಾದ. "ಹಾಗಾದರೆ ಇದನ್ನೆಲ್ಲ ಬದಲಾಯಿಸಬಹುದಾ ಮಾವ?" ಎಂದ. ಎಲ್ಲವನ್ನೂ ಅಲ್ಲ. ಯಾರಿಗೆ ಯಾರ ಭಯ, ಯಾರಿಗೆ ಯಾವುದರ ಆಸೆ ಎಂಬುದನ್ನು ಕೆಡಿಸಿದರೆ ಕಥೆ ಕುಸಿಯುತ್ತದೆ. ಅದು ಉಳಿದರೆ ಘಟನೆಗಳ ಕ್ರಮವನ್ನು ಆಡುವವರಿಗೆ ಬಿಟ್ಟುಕೊಡಬಹುದು. ಮುಂದಿನ ಭಾನುವಾರ ಅವನು ತಾನಾಗಿಯೇ ಹುಡುಗಿಯತ್ತ ತಿರುಗಿ, "ಅವತ್ತು ಏನೋ ಹೇಳಿದ್ದೆಯಲ್ಲ?" ಎಂದು ಕೇಳಿದ. ಅವಳು ಗಾಬ್ಲಿನ್‌ಗಳಿಗಿಂತ ಮೊದಲೇ ದೈತ್ಯನ ಬಳಿಗೆ ಹಣ ಕಳುಹಿಸಿದಳು. ಮನೆಯೆಲ್ಲ ಗದ್ದಲವೋ ಗದ್ದಲ.

ಆ ಗದ್ದಲದ ನಡುವೆ ನನಗೆ ನೆನಪಾದದ್ದು ನನ್ನ ಕಾಲೇಜಿನ ಟಿಪ್ಪಣಿಪುಸ್ತಕ. ಹಳಗನ್ನಡದ ಅದೇ ಪಾಠ, ಅದೇ ವಾಕ್ಯ, ಅದೇ ನಗೆಮಾತು. ವರ್ಷವರ್ಷವೂ ಹೊಸ ಮಕ್ಕಳ ಮುಂದೆ ಹಾಗೆಯೇ ಓದುತ್ತ ಬಂದಿದ್ದೇನೆ. ಹಿಂದಿನ ಬೆಂಚಿನಿಂದ ಏಳುತ್ತಿದ್ದ ಎಷ್ಟೋ ಪ್ರಶ್ನೆಗಳಿಗೆ, "ಅದು ಪಠ್ಯದಲ್ಲಿಲ್ಲ" ಎಂದು ನಾನೂ ಹೇಳಿದವನೇ.