ವಾರಾಹಿ ನೀರಿನ ಲೆಕ್ಕ: ಮಾಣಿ ಡ್ಯಾಮಿನಿಂದ ತೆಕ್ಕಟ್ಟೆ ಗದ್ದೆಯ ತನಕ

ಈಗ ಕೇಳಿದ್ರಲ್ಲ, ಆ ಸದ್ದು ಮಳೆದಲ್ಲ. ಸಿದ್ದಾಪುರದ ಹತ್ತಿರ ಹೊರಿಯಬ್ಬೆ ಅಂತ ಒಂದು ಜಾಗ ಇದೆ, ಅಲ್ಲಿನ ಒಡ್ಡಿನ ಹತ್ರ ವಾರಾಹಿ ಹರಿಯುವ ಸದ್ದು. ರೆಕಾರ್ಡ್ ಮಾಡಿದ್ದು ಏಪ್ರಿಲ್‌ನಲ್ಲಿ. ಏಪ್ರಿಲ್ ಅಂದ್ರೆ ನಮ್ಮ ಕರಾವಳಿಯ ಹೊಳೆಗಳಲ್ಲಿ ಮಕ್ಕಳು ಕ್ರಿಕೆಟ್ ಆಡುವ ತಿಂಗಳು. ತೆಕ್ಕಟ್ಟೆಯಲ್ಲಿ ನಮ್ಮ ಮನೆ ಬಾವಿಗೆ ಹಗ್ಗ ಉದ್ದ ಮಾಡುವ ತಿಂಗಳು. ಹಾಗಿರುವಾಗ ಈ ಒಂದು ಹೊಳೆಯಲ್ಲಿ ಮಾತ್ರ ಇಷ್ಟು ನೀರು ಎಲ್ಲಿಂದ ಬಂತು?

ಉತ್ತರ ಘಾಟಿಯ ಮೇಲಿದೆ. ಕೋಟೇಶ್ವರ, ಹಾಲಾಡಿ, ಶಂಕರನಾರಾಯಣ, ಸಿದ್ದಾಪುರ, ಹೊಸಂಗಡಿ ದಾಟಿ, ಬಾಳೆಬರೆ ಘಾಟಿ ಹತ್ತಿ, ಹುಲಿಕಲ್‌ನ ಚಂಡಿಕಾಂಬಾ ಗುಡಿ ಹತ್ರ ಎಲ್ಲರ ಹಾಗೆ ಗಾಡಿ ನಿಲ್ಲಿಸಿ ಕೈಮುಗಿದು ಮುಂದೆ ಹೋದ್ರೆ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕು. ಅಲ್ಲಿದೆ ಮಾಣಿ ಡ್ಯಾಂ. ವಾರಾಹಿಗೆ ಅಡ್ಡ ಕಟ್ಟಿದ್ದು. ಸುಮಾರು 31 ಟಿಎಂಸಿ ನೀರು ಹಿಡಿಯುತ್ತೆ. ಕೆಆರ್‌ಎಸ್‌ನದು 49 ಅಂತ ಪೇಪರ್‌ನಲ್ಲಿ ಓದಿರ್ತೀರಿ. ಅದರ ಮೂರರಲ್ಲಿ ಎರಡು ಪಾಲಿಗೆ ಹತ್ತಿರ ಬಂತು. ಆದರೆ ಕೆಆರ್‌ಎಸ್ ಮುಂದೆ ಸೆಲ್ಫಿ ತೆಗೆಯದವರಿಲ್ಲ, ಮಾಣಿಯ ಹೆಸರು ನನ್ನ ಬಿಕಾಂ ಕ್ಲಾಸಿನಲ್ಲಿ ಅರ್ಧ ಜನಕ್ಕೂ ಗೊತ್ತಿರಲಿಲ್ಲ.

ಡ್ಯಾಂ ಅಂದ್ರೆ ಕಾಂಕ್ರೀಟ್ ಗೋಡೆ ಅಂತ ಅಂದುಕೊಂಡಿದ್ದೆ. ಮಾಣಿಯದು ನೋಡಿದ್ರೆ ಗುಡ್ಡ. ಕಲ್ಲು, ಮಣ್ಣು ತುಂಬಿ ಕಟ್ಟಿದ ಇಳಿಜಾರು. ಇದು ಹೇಗೆ ನೀರು ತಡೆಯುತ್ತೆ ಅಂತ ನನಗೆ ಅರ್ಥ ಮಾಡಿಸಿದ್ದು ಯಾವ ಇಂಜಿನಿಯರೂ ಅಲ್ಲ, ನಮ್ಮ ಅಜ್ಜಯ್ಯ. ಅವರ ಕಾಲದಲ್ಲಿ ಕಾರ್ತಿ ಬೆಳೆ ಕೊಯ್ಲು ಮುಗಿದ ಮೇಲೆ ಸುಗ್ಗಿ ಬೆಳೆಗೆ ನೀರು ಬೇಕಲ್ಲ, ಊರವರೆಲ್ಲ ಸೇರಿ ತೋಡಿಗೆ 'ಕಟ್ಟ' ಕಟ್ಟುತ್ತಿದ್ದರು. ನಡುವೆ ಜೇಡಿಮಣ್ಣು ತುಳಿದು ತುಂಬುವುದು, ಎರಡೂ ಬದಿಗೆ ಕಲ್ಲು ಒಟ್ಟುವುದು. ನೀರು ತಡೆಯುವುದು ಜೇಡಿ, ಜೇಡಿಯನ್ನು ಹಿಡಿದು ನಿಲ್ಲಿಸುವುದು ಕಲ್ಲಿನ ಭಾರ. ಕಲ್ಲು ತುಂಬಿ ಕಟ್ಟುವ ದೊಡ್ಡ ಅಣೆಕಟ್ಟುಗಳ ಮೂಲ ಉಪಾಯವೂ ಇಷ್ಟೇ. ಜೇಡಿಗೂ ಕಲ್ಲಿಗೂ ನಡುವೆ ಮರಳು, ಜಲ್ಲಿಯ ಪದರ ಹಾಕ್ತಾರೆ, ಸ್ವಲ್ಪ ನೀರು ಜಿನುಗಿದರೂ ಮಣ್ಣು ಕೊಚ್ಚಿಕೊಂಡು ಹೋಗದ ಹಾಗೆ. ಜಿನುಗುವುದನ್ನು ಈ ಕಟ್ಟೋಣ ತಡ್ಕೊಳ್ಳುತ್ತೆ. ತಡ್ಕೊಳ್ಳದೇ ಇರುವುದು ಒಂದೇ, ತಲೆ ಮೇಲಿಂದ ನೀರು ಹಾರುವುದು. ಅಜ್ಜಯ್ಯನ ಕಟ್ಟ ಪ್ರತಿ ವರ್ಷ ಮೊದಲ ನೆರೆಗೆ ಹೋಗುತ್ತಿದ್ದದ್ದು ಹಾಗೆಯೇ. ಅದಕ್ಕೇ ದೊಡ್ಡ ಡ್ಯಾಮಿಗೆ ಹೆಚ್ಚಿನ ನೀರು ಹೋಗಲು ಬೇರೆಯೇ ಗಟ್ಟಿ ಕೋಡಿ ಮಾಡಿ, ಗೇಟು ಇಡ್ತಾರೆ. (ಕೋಡಿ ಅಂದ್ರೆ ನಮ್ಮ ಕೋಡಿ ಬೀಚ್ ಅಲ್ಲ ಮಾರಾಯ್ರೆ, ಕೆರೆ ತುಂಬಿ ಹೊರಗೆ ಹೋಗುವ ದಾರಿ.)

ಈಗ ನೀರಿನ ಜೊತೆ ಕೆಳಗೆ ಇಳಿಯುವ. ಮಾಣಿ ಡ್ಯಾಮಿನ ಬುಡದಲ್ಲೇ 9 ಮೆಗಾವಾಟ್‌ನ ಒಂದು ಪುಟ್ಟ ವಿದ್ಯುತ್ ಘಟಕ ಇದೆ. ಅಲ್ಲಿಂದ ನೀರು ಇನ್ನೊಂದು ಸಣ್ಣ ಅಣೆಕಟ್ಟಿಗೆ ಬಂದು, ಸುರಂಗ ಹೊಕ್ಕು, ಘಾಟಿಯ ಹೊಟ್ಟೆಯೊಳಗೇ ಇಳಿದು ಹೊಸಂಗಡಿ ತಲುಪುತ್ತೆ. ಅಲ್ಲಿನ ವಿದ್ಯುದಾಗಾರ ಇರುವುದು ನೆಲದಡಿ. 1989ರ ಹೊತ್ತಿಗೆ ಕರೆಂಟ್ ಶುರುವಾಯ್ತು, ಮೊದಲ ಹಂತದಲ್ಲಿ 115 ಮೆಗಾವಾಟ್‌ನ ಎರಡು ಯಂತ್ರ. 2009ರಲ್ಲಿ ಇನ್ನೆರಡು ಸೇರಿ ಒಟ್ಟು 460 ಮೆಗಾವಾಟ್. ಜಲವಿದ್ಯುತ್ತಿನ ಗುಣ ಏನಂದ್ರೆ, ಕೆಲವೇ ನಿಮಿಷದಲ್ಲಿ ಶುರು ಮಾಡಬಹುದು, ನಿಲ್ಲಿಸಬಹುದು. ಹಾಗಾಗಿ ಬೇಸಿಗೆಯಲ್ಲಿ ಹೊಸಂಗಡಿಯ ಕೆಳಗಿನ ವಾರಾಹಿಯಲ್ಲಿ ಎಷ್ಟು ನೀರು ಅನ್ನುವುದನ್ನು ಬಹುಪಾಲು ನಿರ್ಧರಿಸುವುದು ನಾಡಿಗೆ ಎಷ್ಟು ಕರೆಂಟ್ ಬೇಕು ಅನ್ನುವುದು. ನಾನು ರೆಕಾರ್ಡ್ ಮಾಡಿದ ಆ ಸದ್ದಿನ ಗುಟ್ಟು ಅದೇ. ಮಳೆಗಾಲದಲ್ಲಿ ಹಿಡಿದಿಟ್ಟ ನೀರನ್ನು ಏಪ್ರಿಲ್‌ನಲ್ಲಿ ಬಿಟ್ಟದ್ದು.

ಇದೇ ದಾರಿಯಲ್ಲಿ ನಾವು ಕಳೆದುಕೊಂಡದ್ದೂ ಒಂದಿದೆ. ಕುಂಚಿಕಲ್ ಅಬ್ಬಿ. 455 ಮೀಟರ್, ಭಾರತದ ಅತಿ ಎತ್ತರದ ಜಲಪಾತ ಅಂತ ಕ್ವಿಜ್‌ಗಳಲ್ಲಿ ಬರುತ್ತೆ. ಆ ಪ್ರಶ್ನೆಗೆ ನಾನೂ ಹಿಂದೆ ಜೋಗ ಅಂತ ಬರೆದು ಮಾರ್ಕ್ ಕಳ್ಕೊಂಡಿದ್ದೆ. ಕುಂಚಿಕಲ್‌ನಲ್ಲಿ ಹಾರಬೇಕಾದ ನೀರೇ ಈಗ ಸುರಂಗದಲ್ಲಿ ಇಳಿಯುವುದು. ಮಳೆಗಾಲದಲ್ಲಿ ಬಿಟ್ಟರೆ ಉಳಿದ ದಿನ ಅಲ್ಲಿ ಬರೀ ಬಂಡೆ. ಅದನ್ನು ನೋಡುವುದಕ್ಕೂ ಪಾಸ್ ಬೇಕು.

ಚಕ್ರಾ ಹೊಳೆಯ ಕಥೆ ಇನ್ನೂ ವಿಚಿತ್ರ. ಗಂಗೊಳ್ಳಿಯಲ್ಲಿ ಸೇರುವ ಪಂಚಗಂಗಾವಳಿಯ ಐದು ಹೊಳೆಗಳಲ್ಲಿ ಅದೂ ಒಂದು. ನಗರದ ಆಸುಪಾಸಿನಲ್ಲಿ ಚಕ್ರಾ, ಸಾವೆಹಕ್ಲು ಅಂತ ಎರಡು ಅಣೆಕಟ್ಟು ಕಟ್ಟಿ, ಘಾಟಿಯ ಮೇಲಿನ ನೀರನ್ನು ಶರಾವತಿಯ ಲಿಂಗನಮಕ್ಕಿಗೆ ತಿರುಗಿಸಿದರು. ಕುಂದಾಪುರಕ್ಕೆ ಬರಬೇಕಾದ ನೀರು ಹೊನ್ನಾವರದಲ್ಲಿ ಸಮುದ್ರ ಸೇರುತ್ತೆ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದ್ರೆ ಒಂದು ಖಾತೆಯಿಂದ ಇನ್ನೊಂದಕ್ಕೆ ಟ್ರಾನ್ಸ್‌ಫರ್.

ಖಾತೆಯ ಮಾತು ಬಂತಲ್ಲ, ನನಗೆ ತಿಳಿದ ವಿದ್ಯೆ ಅದೊಂದೇ, ಲೆಕ್ಕ ಹಾಕುವ. ಕರೆಂಟ್ ಉತ್ಪಾದಿಸಿ ಹೊರಬಿದ್ದ ನೀರನ್ನು ಹೊರಿಯಬ್ಬೆಯಲ್ಲಿ ತಡೆದು, ಎಡದಂಡೆ, ಬಲದಂಡೆ ಕಾಲುವೆ ಮಾಡಿ ಗದ್ದೆಗೆ ಹರಿಸುವ ವಾರಾಹಿ ನೀರಾವರಿ ಯೋಜನೆಗೆ 1979ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅಂದಾಜು 9.43 ಕೋಟಿ ರೂಪಾಯಿ. ಕುಂದಾಪುರ, ಉಡುಪಿ ತಾಲ್ಲೂಕುಗಳ 15,702 ಹೆಕ್ಟೇರ್‌ಗೆ ನೀರು. ಹೆಕ್ಟೇರಿಗೆ ಸುಮಾರು 6,000 ರೂಪಾಯಿ ಬಿತ್ತು. ಆಮೇಲೆ ಅರಣ್ಯ ಅನುಮತಿ, ಭೂಸ್ವಾಧೀನ, ದುಡ್ಡಿಲ್ಲ, ಮತ್ತೆ ಅರಣ್ಯ ಅನುಮತಿ. ಪರಿಷ್ಕೃತ ಅಂದಾಜು ಸುಮಾರು 570 ಕೋಟಿಗೆ ಹೋಯ್ತು. ಅದೇ ಏರಿಯಾ ಹಿಡಿದರೆ ಹೆಕ್ಟೇರಿಗೆ 3.6 ಲಕ್ಷ. ಅರವತ್ತು ಪಟ್ಟು! ಬೆಲೆ ಏರಿಕೆಯೊಂದರಿಂದಲೇ ಇಷ್ಟಾಗುವುದಿಲ್ಲ. ತಡಕ್ಕೂ ಒಂದು ಬಡ್ಡಿ ಇದೆ, ಅದನ್ನು ಯಾರೂ ಬೇರೆ ಕಾಲಂನಲ್ಲಿ ಬರೆಯುವುದಿಲ್ಲ.

ಎಡದಂಡೆ ಕಾಲುವೆಗೆ ನೀರು ಬಿಟ್ಟದ್ದು 2015ರಲ್ಲಿ. ಕರೆಂಟ್ ಹೋಗಿ ಇಪ್ಪತ್ತೈದು ವರ್ಷ ಕಳೆದ ಮೇಲೆ. ಒಂದೇ ನೀರು, ಒಂದೇ ಹೊಳೆ. ತಂತಿಯಲ್ಲಿ ಹೋಗುವುದಕ್ಕೆ ಸಿಕ್ಕ ಅವಸರ ಕಾಲುವೆಯಲ್ಲಿ ಹೋಗುವುದಕ್ಕೆ ಸಿಗಲಿಲ್ಲ. ನನಗೆ ಸಿಟ್ಟು ಬರುವುದು ಡ್ಯಾಂ ಕಟ್ಟಿದ್ದಕ್ಕಲ್ಲ, ಈ ಅಂತರಕ್ಕೆ. ಅಜ್ಜಯ್ಯ ಹೇಳ್ತಿದ್ರು, "ವಾರಾಹಿ ನೀರ್ ಬತ್ತ್ ಬತ್ತ್ ಅಂದೇ ನಮ್ ಕೂದ್ಲ್ ಹಣ್ಣಾಯ್ತ್ ಮಗಾ." ಊರಲ್ಲಿ ಕಟ್ಟ ಕಟ್ಟುವುದನ್ನು ಬಿಟ್ಟದ್ದೂ ಆ ವರ್ಷಗಳಲ್ಲೇ. ಆಳು ಸಿಗಲಿಲ್ಲ ಅನ್ನುವುದು ಒಂದು ಕಾರಣ, ಹೇಗೂ ಕಾಲುವೆ ಬರುತ್ತಲ್ಲ ಅನ್ನುವುದು ಇನ್ನೊಂದು. ಅಜ್ಜಯ್ಯ ಹೋಗಿ ಈಗ ಒಂಬತ್ತು ವರ್ಷ. ನಮ್ಮ ಗದ್ದೆಗೆ ಕಾಲುವೆ ಬಂದಿಲ್ಲ. ಸುಗ್ಗಿ ಬೆಳೆ ಬಿಟ್ಟು ಆ ಜಾಗದಲ್ಲಿ ಈಗ ನೆಲಗಡಲೆ, ಅದೂ ಬಾವಿ ಒಪ್ಪಿದರೆ.

ಮಾಣಿಯಿಂದ ವಾಪಸ್ ಬರುವಾಗ ಮಾಸ್ತಿಕಟ್ಟೆ ಹತ್ತಿರ ಒಂದು ಮನೆಯಲ್ಲಿ ಕಾಫಿ ಕೊಟ್ಟರು. ಮನೆಯ ಹಿರಿಯಮ್ಮನಿಗೆ ಎಂಬತ್ತರ ಹತ್ತಿರ ಇರಬಹುದು. ಅವರ ಮೊದಲ ಮನೆ, ಗದ್ದೆ, ತೋಟ ಎಲ್ಲ ಹಿನ್ನೀರಿನ ಅಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆ ದಾರಿ ಕಾಣುತ್ತೆ, ನೋಡಲಿಕ್ಕೆ ಹೋಗೋದಿಲ್ಲ ಅಂದರು. ನಾನು ತೆಕ್ಕಟ್ಟೆಯವನು ಅಂದಾಗ ಸ್ವಲ್ಪ ಹತ್ತಿರ ಬಂದು ಕೂತರು.

"ಕೆಳಗಿನೋರಾ ನೀವು? ನಿಮ್ಮ ಕಡೆ ಗದ್ದೆಗೆಲ್ಲ ನೀರು ಕೊಡ್ತಾರೆ ಅಂತ ಆಗ ಹೇಳಿದ್ರು. ಬಂತಾ ತಮ್ಮಾ?"

ನನ್ನ ಹತ್ರ ಅಂಕಿಅಂಶ ಎಲ್ಲ ಇತ್ತು. 15,702, 570, 2015. ಯಾವುದನ್ನೂ ಹೇಳಲಿಕ್ಕೆ ಬಾಯಿ ಬರಲಿಲ್ಲ. "ಬಂತಮ್ಮ, ಹಾಲಾಡಿ ತನಕ ಬಂತು" ಅಂದೆ. ಅಷ್ಟು ಸುಳ್ಳಲ್ಲ. ಉಡುಪಿ ನಗರಕ್ಕೆ ಕುಡಿಯುವ ನೀರು ತೆಗೆದುಕೊಂಡು ಹೋಗುವ ಕೆಲಸ ನಡೆದದ್ದು ಆ ಕಡೆಯಿಂದಲೇ. ಅವರು ಹೌದಾ ಅಂದು, ಖಾಲಿ ಲೋಟ ತಗೊಂಡು ಒಳಗೆ ಹೋದರು.

ನಿಮ್ಮ ಮನೆಯಲ್ಲಿ ಕಟ್ಟ ಕಟ್ಟಿ ಗೊತ್ತಿರುವ ಹಿರಿಯರಿದ್ದರೆ ಅವರ ಹತ್ರ ಮಾತಾಡಿ, ಒಂದು ವಾಯ್ಸ್ ನೋಟ್ ಕಳಿಸಿ. ಯಾವ ತೋಡು, ಎಷ್ಟು ಜನ, ಎಲ್ಲಿಂದ ಕಲ್ಲು ತರ್ತಿದ್ರು ಅಂತ ಹೇಳಿಸಿ. ಮುಂದಿನ ಕಂತಿನಲ್ಲಿ ಅದನ್ನೇ ಕೇಳುವ.